ಸ್ಲೊವೇನಿಯಾದಿಂದ ತುಮಕೂರಿಗೆ ಬಂದ ಕೋಚು

ಫುಟ್‌ಬಾಲ್ ಟೀಮಿನ ವ್ಯಾನ್ ಓಡಿಸುವವನು ನಗೋ ವಿಷಯ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ಹಿಂದಿನ ಸೀಟಿನಲ್ಲೇ ಕೂತಿರುತ್ತದೆ. ಇಳಿ ಅಂದರೂ ಇಳಿಯಲ್ಲ.

ನಮ್ಮದು ತುಮಕೂರಿನ ಟೀಮು. ವ್ಯಾನ್ ಓಡಿಸುವುದು, ಗ್ರೌಂಡಿಗೆ ಸುಣ್ಣದ ಗೆರೆ ಎಳೆಯುವುದು, ನೀರಿನ ಕ್ಯಾನ್ ಹೊರುವುದು ನನ್ನ ಕೆಲಸ. ಅಡುಗೆ ನನ್ನ ಹೆಂಡತಿಯದು. ಈಗ ಅವಳಿಲ್ಲ. ಹೋದ ಸೀಸನ್ನಿನಲ್ಲಿ ತೀರಿಕೊಂಡಳು. ನಾನು ಹೇಳುವುದೆಲ್ಲ ಆ ಸೀಸನ್ನಿನದೇ. ಹಾಗಾಗಿ ಮಧ್ಯೆ ಮಧ್ಯೆ ಅವಳೂ ಬರುತ್ತಾಳೆ.

ಟೀಮಿನ ಓನರು ಗುಬ್ಬಿಯ ಕೊಬ್ಬರಿ ವ್ಯಾಪಾರಿ. ನಾವು ಸಾಹುಕಾರ್ರು ಅಂತೀವಿ. ಆಡುವವರಿಗೆಲ್ಲ ಬೇರೆ ಕೆಲಸ ಇದೆ. ನಮ್ಮ ಕ್ಯಾಪ್ಟನ್ನು ಗೋಲ್‌ಕೀಪರ್. ಗುಬ್ಬಿ-ತುಮಕೂರು ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್. ಇಂಗ್ಲಿಷ್ ಅವನಿಗೆ ಬರುತ್ತದೆ. ನನಗೆ ಬರಲ್ಲ.

ಆ ವರ್ಷ ಸಾಹುಕಾರ್ರು ಒಬ್ಬ ಫಾರಿನ್ ಕೋಚನ್ನ ತಂದರು. ಸ್ಲೊವೇನಿಯಾ ಅನ್ನೋ ದೇಶದವರು. ಪ್ರಾಯದಲ್ಲಿ ಅಲ್ಲಿ ದೊಡ್ಡ ಆಟಗಾರರಂತೆ. ಆಮೇಲೆ ಮಂಡಿ ಹೋಯಿತು. ಮ್ಯಾನೇಜರ್ ಆದರು, ಅಲ್ಲಿ ಕೋಚಿಗೆ ಹಾಗನ್ನುತ್ತಾರಂತೆ. ಟೀಮು ಸೋತರೆ ಮೊದಲು ಮನೆಗೆ ಕಳಿಸುವುದು ಮ್ಯಾನೇಜರನ್ನ. ಅವರ ದೇಶದಲ್ಲಿ ಕಳಿಸಿದರು. ಪಕ್ಕದ ದೇಶದಲ್ಲಿ ಕಳಿಸಿದರು. ಬೆಂಗಳೂರಿನಲ್ಲಿ ಒಂದಷ್ಟು ತಿಂಗಳು ಇಟ್ಟುಕೊಂಡು ಅಲ್ಲೂ ಕಳಿಸಿದರು. ಹಾಗೆ ಇಳೀತಾ ಇಳೀತಾ ನಮ್ಮ ಹತ್ತಿರ ಬಂದರು.

ಮೊದಲನೇ ದಿನವೇ ಸಾಹುಕಾರ್ರು ಎಲ್ಲರ ಮುಂದೆ ಹೇಳಿದರು. "ಈ ವರ್ಷ ಟೀಮು ಕೆಳಗಿನ ಡಿವಿಷನ್‌ಗೆ ಬೀಳಬಾರದು. ಬಿದ್ರೆ ಟೀಮೂ ಇಲ್ಲ, ಕೋಚೂ ಇಲ್ಲ." ಕ್ಯಾಪ್ಟನ್ ಅದನ್ನ ಇಂಗ್ಲಿಷಿಗೆ ತಿರುಗಿಸಿದ. ಕೋಚು ತಲೆ ಆಡಿಸಿದರು. ಈ ಮಾತು ಅವರಿಗೆ ಹೊಸದಲ್ಲ ಅಂತ ಕಂಡಿತು. ವಾಪಸ್ ಬರುವಾಗ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ನನಗೆ ಹೇಳಿದರು. ನನಗೆ ಅರ್ಥವಾಗಲಿ ಅಂತ ಒಂದೊಂದೇ ಪದ. "ತುಮಕೂರು. ಲಾಸ್ಟ್. ಆಫ್ಟರ್, ನೋಬಡಿ ಕಾಲ್." ಫೋನ್ ತೋರಿಸಿ ಕೈ ಅಲ್ಲಾಡಿಸಿದರು. ಇಲ್ಲಿಂದಲೂ ಕಳಿಸಿದರೆ ಇನ್ನು ಯಾರೂ ಕರೆಯಲ್ಲ ಅಂತ. ಅದು ನನಗೂ ಅರ್ಥ ಆಯಿತು.

ಸಿ.ಎಸ್. ಪುರದಲ್ಲಿ ಸನ್ಮಾನ

ಬಂದ ವಾರವೇ ಸಾಹುಕಾರ್ರು ಕೋಚನ್ನ ಸಿ.ಎಸ್. ಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರ ಅಕ್ಕನ ಮನೆ. ಊರವರಿಗೆ ತೋರಿಸಬೇಕಿತ್ತು. ಪೇಟ ಇಟ್ಟರು, ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು. ಕೋಚು ನೆಟ್ಟಗೆ ಕೂತಿದ್ದರು, ಮದುವೆ ಗಂಡಿನ ಹಾಗೆ.

ಮುಂದಿನ ಸಾಲಿನಲ್ಲಿ ಒಬ್ಬರು ಅಜ್ಜ ಕೂತಿದ್ದರು. ಭಾಷಣ ಮುಗಿಯುವ ತನಕ ಸುಮ್ಮನಿದ್ದು, ಆಮೇಲೆ ಕ್ಯಾಪ್ಟನ್ನನ್ನ ಹತ್ತಿರ ಕರೆದರು.

"ಇವ್ರ ಊರು ಯಾವ ಕಡೆ ಬರ್ತದೆ?"

"ಇಟಲಿ ಪಕ್ಕ ಅಜ್ಜ."

"ಅಲ್ಲಿ ತೆಂಗೈತಾ?"

ಕ್ಯಾಪ್ಟನ್ ಕೋಚನ್ನ ಕೇಳಿದ. ಇಲ್ಲ ಅಂತ ತಲೆ ಆಡಿಸಿದರು.

"ಅಡಕೆ?"

"ಇಲ್ಲವಂತೆ."

"ರಾಗಿ?"

"ಅದೂ ಇಲ್ಲವಂತೆ ಅಜ್ಜ."

"ಇನ್ನೇನೈತೆ ಹಂಗಾರೆ?"

ಕೋಚು ಸ್ವಲ್ಪ ಯೋಚನೆ ಮಾಡಿದರು. ತಮ್ಮ ದೇಶದ ಬಗ್ಗೆ ಒಳ್ಳೆಯದು ಹೇಳಬೇಕು ಅಂತ ಇರಬೇಕು. ಎರಡೂ ಕೈ ಅಗಲಿಸಿ ಏನೋ ಹೇಳಿದರು. "ಬೆಟ್ಟ, ಕಾಡು, ಹಿಮ ಅಂತೆ" ಅಂದ ಕ್ಯಾಪ್ಟನ್.

ಅಜ್ಜ ಬಹಳ ಹೊತ್ತು ಕೋಚಿನ ಮುಖವನ್ನೇ ನೋಡಿದರು. "ಬೇಸಾಯಕ್ಕೆ ಒಂದಡಿ ಜಾಗ ಬುಟ್ಟಿಲ್ಲ ದೇವ್ರು. ಅದ್ಕೇ ಚೆಂಡು ಒದ್ಕೊಂಡು ಊರೂರು ತಿರುಗ್ತಾವ್ರೆ, ಪಾಪ."

ನಾವು ಹೊರಡುವಾಗ ಅಜ್ಜ ಒಂದು ಮೂಟೆ ತೆಂಗಿನಕಾಯಿ ತರಿಸಿ ವ್ಯಾನಿಗೆ ಹಾಕಿಸಿದರು. ಇದು ಯಾಕೆ ಅಂತ ಕೋಚು ಕೇಳಿದರು. ಕ್ಯಾಪ್ಟನ್ ಹೇಳಿದ, "ನಿಮ್ಮ ದೇಶಕ್ಕೆ ಬರ ಪರಿಹಾರ, ಸಾರ್."

ಮುದ್ದೆ

ಕೋಚು ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದ ದಿನ ಹುಡುಗರೆಲ್ಲ ಬಂದು ಬಾಗಿಲಲ್ಲಿ ನಿಂತರು. ಫಾರಿನ್ನವರು ಮುದ್ದೆ ನುಂಗಲಾರದೆ ಒದ್ದಾಡುವುದನ್ನ ನೋಡಬೇಕು ಅಂತ. ಒಬ್ಬ ಫೋನ್ ಹಿಡಿದು ವಿಡಿಯೋಗೆ ರೆಡಿ ಇದ್ದ.

ಕೋಚು ತಟ್ಟೆ ಮುಂದೆ ಕೂರಲಿಲ್ಲ. ವಾಸನೆ ಹಿಡಿದು ನೇರ ಅಡುಗೆಮನೆಗೆ ಹೋದರು. ನನ್ನ ಹೆಂಡತಿ ಆಗ ತಾನೇ ಎಸರಿಗೆ ಹಿಟ್ಟು ಹಾಕಿ, ನಡುವೆ ಕೋಲು ನಿಲ್ಲಿಸಿ, ಬೇಯಲು ಬಿಟ್ಟಿದ್ದಳು. ಕೋಚು ಅದನ್ನ ನೋಡಿ ಹಾಗೇ ನಿಂತರು. ಆಮೇಲೆ ಕ್ಯಾಪ್ಟನ್ನನ್ನ ಕೂಗಿ ಬಡಬಡ ಮಾತಾಡಿದರು.

ಅವರ ಊರಲ್ಲೂ ಇದೇ ಅಂತೆ. ಅದು ರಾಗಿ ಅಲ್ಲ, ಬೇರೆ ಏನೋ ಕಪ್ಪು ಕಾಳಿನ ಹಿಟ್ಟು. ಅವರ ಅಜ್ಜಿ ಹೀಗೇ ಕುದಿಯೋ ನೀರಿಗೆ ಸುರಿದು, ನಡುವೆ ಕೋಲಿನಲ್ಲಿ ತೂತು ಮಾಡಿ, ಬೆಂದ ಮೇಲೆ ತೊಳಸುತ್ತಿದ್ದರಂತೆ. ಆಟಕ್ಕೆ ಹೋಗೋ ದಿನ ಕೋಚು ಅದನ್ನೇ ತಿಂದು ಹೋಗುತ್ತಿದ್ದರಂತೆ.

ಇಷ್ಟು ಹೇಳಿ ಕೋಲಿಗೆ ಕೈ ಹಾಕಿದರು. ನನ್ನ ಹೆಂಡತಿ ಬಿಡಲಿಲ್ಲ. ಅವರೂ ಬಿಡಲಿಲ್ಲ. ಕೊನೆಗೆ ಅವಳೇ, "ತೊಳಸ್ಲಿ ಬುಡಿ, ನೋಡಾಣ" ಅಂದಳು. ಕೋಚು ಗಂಟಿಲ್ಲದ ಹಾಗೆ ತೊಳಸಿದರು. ಆದರೆ ಉಂಡೆ ಕಟ್ಟಲು ಬರಲಿಲ್ಲ. ಅವರ ಕಡೆ ಉಂಡೆ ಕಟ್ಟಲ್ಲವಂತೆ. ಕೈ ಸುಟ್ಟುಕೊಂಡು ಕುಣಿದರು. ಹುಡುಗರಿಗೆ ಅಷ್ಟಾದರೂ ಸಿಕ್ಕಿತು.

ಊಟಕ್ಕೆ ಕೂತು ಅಗಿದು ಅಗಿದು ತಿಂದರು. "ಅಗೀಬಾರ್ದು ಸಾರ್, ನುಂಗ್ಬೇಕು" ಅಂತ ಕ್ಯಾಪ್ಟನ್ ಹೇಳಿಕೊಟ್ಟ. ಅವರು ಕೇಳಲಿಲ್ಲ. ಬಾಗಿಲಲ್ಲಿದ್ದ ಹುಡುಗರು ನಗಾಡಿದರು.

ಎಲ್ಲ ಹೋದ ಮೇಲೆ ನನ್ನ ಹೆಂಡತಿ ಪಾತ್ರೆ ಉಜ್ಜುತ್ತಾ ಅಂದಳು. "ಅಗಿದ್ರೂ ಅಗೀಲಿ, ಆ ಯಪ್ಪ ಎರಡನೇ ಮುದ್ದೆ ಕೇಳ್ತು. ನಿಮ್ಮ ಹುಡುಗ್ರು ಯಾವಾಗ ಬಂದ್ರೂ ಫ್ರೈಡ್ ರೈಸ್ ಕೇಳ್ತಾರೆ. ಇವ್ರಲ್ಲಿ ಫಾರಿನ್ನೋರು ಯಾರು ಕಣ್ರೀ?"

ಎಕ್ಕದ ಎಲೆ

ಮಂಡಿ ಹೇಗೆ ಹೋಯಿತು ಅನ್ನುವುದನ್ನ ಕೋಚು ಒಂದು ದಿನ ವ್ಯಾನಿನಲ್ಲಿ ಹೇಳಿದರು. ಅವರು ಹಿಂದೆ ನಿಂತು ತಡೆಯುವ ಆಟಗಾರ. ಗೋಲು ಹೊಡೆಯುವುದು ಅವರ ಕೆಲಸ ಅಲ್ಲ. ಜೀವಮಾನಕ್ಕೆ ಒಂದೇ ಒಂದು ಗೋಲು ಹೊಡೆದರಂತೆ. ಅದೂ ದೊಡ್ಡ ಮ್ಯಾಚಿನಲ್ಲಿ. ಹೊಡೆದವರು ಖುಷಿಗೆ ಓಡಿ, ಗ್ರೌಂಡಿನ ಅಂಚಿನಲ್ಲಿದ್ದ ಅಡ್ವರ್ಟೈಸ್‌ಮೆಂಟ್ ಬೋರ್ಡನ್ನ ಹಾರಿದರಂತೆ. ಆ ಕಡೆ ಇಳಿಯುವಾಗ ಮಂಡಿ ತಿರುಚಿತು. ಅಲ್ಲಿಗೆ ಆಟ ಮುಗಿಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಗೊತ್ತಾಯಿತಂತೆ, ಆ ಗೋಲು ಆಫ್‌ಸೈಡ್ ಅಂತ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಕ್ಯಾಪ್ಟನ್ ಇದನ್ನ ಕನ್ನಡಕ್ಕೆ ತಿರುಗಿಸುತ್ತಾ ತಾನೇ ಬಿದ್ದು ಬಿದ್ದು ನಕ್ಕ. ಕೋಚೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. "ಖುಷಿ ಪಟ್ಟಿದ್ದಕ್ಕೆ ಮಂಡಿ ಹೋಯ್ತಾ" ಅಂದಳು, ಅಷ್ಟೇ. ಬೆಳಗ್ಗೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ, ಹಳೇ ಸೀರೆ ಅಂಚಿನ ಜೊತೆ ಕೊಟ್ಟು ಕಳಿಸಿದಳು. ದಿನಾ ಕಳಿಸಿದಳು.

ಕೋಚು ಚಡ್ಡಿ ಹಾಕಿಕೊಂಡೇ ಗ್ರೌಂಡಿನ ಅಂಚಿನಲ್ಲಿ ನಿಲ್ಲುವವರು. ಮಂಡಿಯ ಸುತ್ತ ಹಸಿರು ಎಲೆ, ಮೇಲೆ ಕೆಂಪು ಸೀರೆ ಅಂಚು. ಗುಬ್ಬಿಯಲ್ಲಿ ಮ್ಯಾಚಿದ್ದ ದಿನ ಎದುರಿನ ಕೋಚು ಇದನ್ನೇ ನೋಡುತ್ತಿದ್ದರು. ಅವರು ಬೆಂಗಳೂರಿನವರು, ಲ್ಯಾಪ್‌ಟಾಪ್ ಇಟ್ಟುಕೊಂಡು ಮ್ಯಾಚ್ ನೋಡುವವರು. ಅವತ್ತು ನಾವು ಗೆದ್ದೆವು. ನಮಗೇ ಆಶ್ಚರ್ಯ.

ಅದೇ ಟೀಮಿನ ಮೇಲೆ ಮತ್ತೆ ಆಡುವಾಗ ನೋಡಿದರೆ, ಆ ಬೆಂಗಳೂರು ಕೋಚು ಎರಡೂ ಮಂಡಿಗೆ ಎಕ್ಕದ ಎಲೆ ಕಟ್ಟಿಕೊಂಡು ನಿಂತಿದ್ದಾರೆ.

ಕ್ಯಾಪ್ಟನ್ ಹೋಗಿ ಕೇಳಿದ. "ಸಾರ್, ನಿಮಗೂ ಮಂಡಿ ನೋವಾ?"

"ನೋವೇನಿಲ್ಲಪ್ಪ" ಅಂದರು. "ಯುರೋಪಿನ ಟೆಕ್ನಿಕ್ಕು. ನಾವೂ ಅಪ್‌ಡೇಟ್ ಆಗಬೇಕಲ್ಲ."

ಚೆಂಡಿಲ್ಲದ ಸಂಜೆ

ಆಯುಧ ಪೂಜೆ ದಿನ ಹುಡುಗರು ಬೆಳಗ್ಗೇನೇ ಸ್ಟೋರ್ ರೂಮ್ ತೊಳೆದರು. ಚೆಂಡು, ಗಾಳಿ ಹೊಡೆಯೋ ಪಂಪು, ಬಾವುಟ, ನೆಟ್ಟು ಎಲ್ಲ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದರು. ಬೂಟಿನ ವಿಷಯಕ್ಕೆ ಜಗಳ ಆಯಿತು. ಬೂಟಿಗೆ ಪೂಜೆ ಮಾಡುವುದಾ ಅಂತ ಕೆಲವರು, ಅದಿಲ್ಲದೆ ಆಡ್ತೀಯೇನ್ಲಾ ಅಂತ ಕೆಲವರು. ಕೊನೆಗೆ ಬೂಟನ್ನ ಹೊಸಲಿನ ಆಚೆ ಇಟ್ಟು, ಹೂವು ಮಾತ್ರ ಎಸೆಯುವುದು ಅಂತ ತೀರ್ಮಾನ ಆಯಿತು.

ಕೋಚಿಗೆ ಇದೆಲ್ಲ ಬಹಳ ಇಷ್ಟ ಆಯಿತು. ಫೋಟೋ ತೆಗೆದರು. ತಮ್ಮ ಕೊರಳಿನ ವಿಸಲ್ಲನ್ನೂ ತೆಗೆದು ತಾವೇ ಚೆಂಡಿನ ಪಕ್ಕ ಇಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಪ್ರಾಕ್ಟೀಸಿಗೆ ಬಂದು ನೋಡಿದರೆ ಸ್ಟೋರ್ ರೂಮಿಗೆ ಬೀಗ. ಚೆಂಡು ಕೊಡಿ ಅಂದರು.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟೋ ಹಂಗಿಲ್ಲ ಸಾರ್" ಅಂದ ಕ್ಯಾಪ್ಟನ್. "ನಾಳೆ ಬೆಳಗ್ಗೆ ತೆಗೀಬೇಕು."

"ನಾಡಿದ್ದು ಮ್ಯಾಚಿದೆ."

"ಹೌದು ಸಾರ್."

"ವಿಸಲ್ಲಾದರೂ ಕೊಡಿ."

"ಅದನ್ನ ನೀವೇ ಇಟ್ರಲ್ಲ ಸಾರ್."

ಕೋಚು ಆಕಾಶ ನೋಡಿದರು. ಆಮೇಲೆ ಕೈ ತಟ್ಟಿ ಎಲ್ಲರನ್ನೂ ನಿಲ್ಲಿಸಿದರು. ಚೆಂಡಿಲ್ಲದೆಯೇ ಆಡಿ, ಇದೆ ಅಂದುಕೊಂಡು ಆಡಿ ಅಂದರು. ಶುರುವಿನಲ್ಲಿ ಹುಡುಗರು ನಾಚಿಕೊಂಡರು. ಸ್ವಲ್ಪ ಹೊತ್ತಿಗೆ ಬಿಸಿ ಏರಿತು. ಇವನು ಕೊಟ್ಟ, ಅವನು ತಗೊಂಡ, ಇನ್ನೊಬ್ಬ ಎಗರಿ ತಲೆಯಲ್ಲಿ ಹೊಡೆದ. ಕ್ಯಾಪ್ಟನ್ ಹಾರಿ ಬಿದ್ದು ಹಿಡಿದ.

"ಗೋಲು" ಅಂದ ಹೊಡೆದವನು.

"ಯಾವ ಗೋಲ್ಲಾ? ಕೈಯಲ್ಲಿದೆ ನೋಡು."

"ಗೆರೆ ದಾಟಿದ್ ಮೇಲೆ ಹಿಡಿದೆ. ನಾನ್ ನೋಡ್ದೆ."

"ಏನ್ ನೋಡ್ದೆ? ಏನಿತ್ತು ಅಂತ ನೋಡ್ದೆ?"

ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡರು. ಬಿಡಿಸಲು ಹೋದವನಿಗೂ ಒಂದು ಬಿತ್ತು. ನನ್ನ ಹೆಂಡತಿ ಎಲ್ಲರಿಗೂ ಕಡ್ಲೆಪುರಿ ಹಂಚಲು ಬಂದವಳು ದೂರದಲ್ಲೇ ನಿಂತಳು.

ಕೋಚು ನನ್ನ ಪಕ್ಕ ಬಂದು ಕೂತರು. ಕ್ಯಾಪ್ಟನ್ ಆಮೇಲೆ ಅವರ ಮಾತನ್ನ ನಮಗೆ ತಿಳಿಸಿದ. "ನಾನು ಇಷ್ಟು ವರ್ಷ ಎಷ್ಟೋ ಟೀಮು ನೋಡಿದೀನಿ. ಚೆಂಡು ಒಂದಿಲ್ಲ ಅಂದ್ರೆ ನಿಮ್ಮಷ್ಟು ಚೆನ್ನಾಗಿ ಆಡೋರನ್ನ ನೋಡಿಲ್ಲ."

ಬೀಗರ ಊಟ

ಕುಣಿಗಲ್ಲಿನ ಮ್ಯಾಚು ಗೆದ್ದುಬಿಟ್ಟಿದ್ದರೆ ನಾವು ಬೀಳುವ ಭಯವೇ ಇರಲಿಲ್ಲ. ಕೋಚು ಒಂದು ವಾರದಿಂದ ಅದೇ ಜಪ ಮಾಡುತ್ತಿದ್ದರು.

ನಮ್ಮ ಹುಡುಗನೊಬ್ಬನ ಅಕ್ಕನ ಮದುವೆಯೂ ಕುಣಿಗಲ್ಲಿನಲ್ಲೇ ಇತ್ತು, ಮ್ಯಾಚಿನ ಹಿಂದಿನ ದಿನ. ಕೋಚು ಎಲ್ಲರಿಗೂ ಹೋಗಿ ಬನ್ನಿ ಅಂದರು. ಹುಡುಗರು ಹೋದರು, ಅನ್ನ ಸಾರು ಪಾಯಸ ಉಂಡು ಬಂದರು. ತೊಂದರೆ ಇಲ್ಲ. ಆದರೆ ಮದುವೆ ಮಾರನೇ ದಿನ ಬೀಗರ ಊಟ ಅಂತ ಒಂದಿರುತ್ತದೆ, ಅದರಲ್ಲಿ ಕುರಿ ಕಡಿಯುತ್ತಾರೆ, ಅನ್ನುವುದನ್ನ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಕಳಿಸುತ್ತಿರಲಿಲ್ಲ. ಅದಕ್ಕೇ ಹೇಳಿರಲಿಲ್ಲ.

ಮ್ಯಾಚಿನ ದಿನ ಮಧ್ಯಾಹ್ನ ಗ್ರೌಂಡಿನಲ್ಲಿ ನಾನು, ಕೋಚು, ಎರಡು ನಾಯಿ. ಬೇರೆ ಯಾರೂ ಇಲ್ಲ. ಕೋಚು ನನ್ನ ಮುಖ ನೋಡಿದರು. ನಾನು ವ್ಯಾನ್ ಸ್ಟಾರ್ಟ್ ಮಾಡಿದೆ.

ಛತ್ರದ ಬಾಗಿಲಿಗೆ ಕೋಚು ಕೆಂಪು ಮುಖ ಮಾಡಿಕೊಂಡೇ ನುಗ್ಗಿದರು. ಹೆಣ್ಣಿನ ತಂದೆ ಓಡಿ ಬಂದರು. ಫಾರಿನ್ನಿಂದ ಗಂಡಿನ ಕಡೆಯವರು ಯಾರೋ ಬಂದಿದ್ದಾರೆ ಅಂದುಕೊಂಡಿರಬೇಕು. ಎರಡೂ ಕೈ ಹಿಡಿದು ಮೊದಲನೇ ಪಂಕ್ತಿಗೆ ಕೂರಿಸಿಯೇಬಿಟ್ಟರು. ಪಕ್ಕದಲ್ಲಿ ನನ್ನನ್ನೂ ಕೂರಿಸಿದರು. ಎದುರು ಸಾಲಿನಲ್ಲಿ ನಮ್ಮ ಟೀಮು ತಲೆ ಬಗ್ಗಿಸಿಕೊಂಡು ಉಣ್ಣುತ್ತಿತ್ತು.

ಮುದ್ದೆ ಬಂತು. ಬೋಟಿ ಗೊಜ್ಜು ಬಂತು. ಕೈಮ ಉಂಡೆ ಬಂತು. ಕೋಚು ಬೇಡ ಅಂತ ಎಲೆಗೆ ಕೈ ಅಡ್ಡ ಇಟ್ಟರು. ಬಡಿಸುವವನು ಕೈ ಮೇಲೇ ಬಡಿಸಿದ. ನಾಚಿಕೆ ಸ್ವಭಾವದವರು ಅಂದುಕೊಂಡು ಇನ್ನೂ ಒಂದು ಸೌಟು ಹಾಕಿದ. ನಾನು ಹೆಂಡತಿಗೆ ಅಂತ ಒಂದು ಡಬ್ಬಿ ಕಟ್ಟಿಸಿಕೊಂಡೆ. ಆಗಲೇ ಅವಳು ಹೆಚ್ಚು ತಿನ್ನುತ್ತಿರಲಿಲ್ಲ.

ಮ್ಯಾಚಿನ ಬಗ್ಗೆ ಹೇಳುವುದು ಏನೂ ಇಲ್ಲ. ನಮ್ಮವರು ಓಡಲಿಲ್ಲ. ಓಡಿದ ಒಬ್ಬ ಬೇಲಿ ಹತ್ತಿರ ಹೋಗಿ ಕೂತ. ಸೋತೆವು.

ಸಂಜೆ ಸಾಹುಕಾರ್ರು ನನಗೆ ಫೋನ್ ಮಾಡಿದರು. "ಹುಡುಗ್ರು ಸೋಂಬೇರಿಗಳು, ಗೊತ್ತು. ಆ ಕೋಚಿಗೇನಾಗಿತ್ತಯ್ಯ? ಎದ್ದು ನಿಂತು ಕೂಗಾಡ್ಬೇಕು ತಾನೇ? ಪೂರ್ತಿ ಮ್ಯಾಚು ಕೂತೇ ಇದ್ರಂತೆ."

"ಏಳೋಕೆ ಆಗ್ತಿರಲಿಲ್ಲ ಸಾಹುಕಾರ್ರೇ" ಅಂದೆ.

ಕೊನೇ ಮ್ಯಾಚು

ಕುಣಿಗಲ್ಲಿನಿಂದ ಬಂದ ಸ್ವಲ್ಪ ದಿನಕ್ಕೆ ನನ್ನ ಹೆಂಡತಿ ಹೋದಳು. ಹೊಟ್ಟೆಯ ಕಾಯಿಲೆ. ಅದನ್ನ ಇಲ್ಲಿ ಬರೆಯಲ್ಲ. ನಮಗೆ ಮಕ್ಕಳಿಲ್ಲ, ಕಾರ್ಯ ನಾನೇ ಮಾಡಿದೆ, ತಲೆ ಬೋಳಿಸಿಕೊಂಡೆ. ಕೋಚು ಮನೆಗೆ ಬಂದರು. ನನ್ನ ತಲೆ ನೋಡಿ ಕ್ಯಾಪ್ಟನ್ನನ್ನ ಕೇಳಿದರು. ಮನೆಯಲ್ಲಿ ಸಾವಾದರೆ ನಮ್ಮಲ್ಲಿ ಹೀಗೆ ಅಂತ ಅವನು ಹೇಳಿದ. ಕೋಚು ಟೋಪಿ ತೆಗೆದು, ನನ್ನ ಕೈ ಹಿಡಿದುಕೊಂಡು ಕೂತರು. ಮಾತಾಡಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಸಂಜೆ ತನಕ ಕೂತಿದ್ದರು.

ಆಮೇಲೆ ಕೊನೇ ಮ್ಯಾಚು ಬಂತು. ತುಮಕೂರಿನಲ್ಲೇ, ನಮ್ಮ ಗ್ರೌಂಡಿನಲ್ಲೇ. ಸೋತರೆ ಕೆಳಗಿನ ಡಿವಿಷನ್‌ಗೆ. ಸಮ ಮಾಡಿಕೊಂಡರೂ ಸಾಕು, ಉಳಿಯುತ್ತೇವೆ. ಕೋಚು ರೂಮಿನಲ್ಲಿ ಪೆಟ್ಟಿಗೆ ಕಟ್ಟಿ ಇಟ್ಟಿದ್ದರು. ನಾನು ಕರೆಯಲು ಹೋದಾಗ ನೋಡಿದೆ.

ಗ್ರೌಂಡಿಗೆ ಬಂದು ಗೆರೆ ಎಳೆಯುತ್ತಿದ್ದೆ. ಹುಡುಗರು ಬೈಕಿನಲ್ಲಿ ಬಂದರು. ಒಬ್ಬೊಬ್ಬರಾಗಿ ಹೆಲ್ಮೆಟ್ ತೆಗೆದರು. ಎಲ್ಲರದೂ ಬೋಳು ತಲೆ.

ಟೀಮು ಉಳಿದರೆ ಸಾಕು ಅಂತ ಹರಕೆ ಹೊತ್ತು, ಯಾರಿಗೂ ಹೇಳದೆ ಬೆಳಗ್ಗೇನೇ ದೇವರಾಯನದುರ್ಗದ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದಿದ್ದರು. ನನಗೆ ನೋಡಿದ ತಕ್ಷಣ ಗೊತ್ತಾಯಿತು. ಕೋಚಿಗೆ ಹೇಗೆ ಗೊತ್ತಾಗಬೇಕು? ಅವರು ಬೆಂಚು ಹಿಡಿದುಕೊಂಡು ಕೂತರು. ಆಮೇಲೆ ಎದ್ದು, ಟೋಪಿ ತೆಗೆದು, ಮೊದಲನೆಯವನ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡರು.

"ಮದರ್?"

"ಚೆನ್ನಾಗವ್ರೆ ಸಾರ್."

ಎರಡನೆಯವನ ಕೈ ಹಿಡಿದರು. "ಫಾದರ್?"

"ತೋಟಕ್ಕೋಗವ್ರೆ ಸಾರ್."

ಮೂರನೆಯವನ ಭುಜದ ಮೇಲೆ ಕೈ ಇಟ್ಟು, ಬಹಳ ಮೆಲ್ಲಗೆ, "ವೈಫ್?" ಅಂದರು.

"ಇನ್ನೂ ಹೆಣ್ಣು ನೋಡ್ತಾವ್ರೆ ಸಾರ್."

ಕೋಚಿನ ಕಣ್ಣು ತುಂಬಿತ್ತು. ಕ್ಯಾಪ್ಟನ್ ಓಡಿ ಬಂದು ಬಿಡಿಸಿ ಹೇಳಿದ. ಯಾರೂ ಸತ್ತಿಲ್ಲ ಸಾರ್, ನೀವು ಉಳೀಲಿ ಅಂತ ದೇವ್ರಿಗೆ ಕೂದಲು ಕೊಟ್ವಿ ಅಂತ. ಕೋಚು ಕಣ್ಣು ಒರೆಸಿಕೊಂಡರು. ಆಮೇಲೆ ತಮ್ಮ ತಲೆ ಮುಟ್ಟಿಕೊಂಡು ಏನೋ ಕೇಳಿದರು. ಟೋಪಿ ಕೆಳಗೆ ಅವರದೂ ಬೋಳೇ.

"ನಿಮ್ದು ದೇವ್ರು ಅಡ್ವಾನ್ಸಾಗೇ ತಗೊಂಡವ್ನೆ ಸಾರ್" ಅಂದ ಕ್ಯಾಪ್ಟನ್.

ನಾನು ವ್ಯಾನಿನ ಹಿಂದೆ ಹೋಗಿ ನಕ್ಕೆ. ಹೆಂಡತಿ ಸತ್ತವನು ಎಲ್ಲರ ಎದುರು ನಗುವುದು ಚೆನ್ನಾಗಿರಲ್ಲ.

ತೊಂದರೆ ಶುರುವಾದದ್ದು ಆಮೇಲೆ. ನಮ್ಮ ಹುಡುಗರ ಹೆಸರು ಕೋಚಿನ ಬಾಯಿಗೆ ಬರುತ್ತಿರಲಿಲ್ಲ. ಕೂದಲು ನೋಡಿ ಗುರುತು ಇಟ್ಟುಕೊಂಡಿದ್ದರು. ಗುಂಗುರು, ಉದ್ದ, ಜುಟ್ಟು, ಹೀಗೆ. ಗೋಲು ಹೊಡೆಯುವ ನಮ್ಮ ಸ್ಟ್ರೈಕರ್ ಹಳದಿ ಬಣ್ಣ ಹಾಕಿಸಿದ್ದ. ಈಗ ಎಲ್ಲ ಒಂದೇ.

ಅಂಗಿಯ ನಂಬರ್ ನೋಡೋಣ ಅಂದರೆ ಅದೂ ಕೆಟ್ಟಿತ್ತು. ಅಂಗಿ ಒಗೆದು, ಯಾರದು ಯಾರಿಗೆ ಅಂತ ಮಡಿಸಿ ಇಡುತ್ತಿದ್ದವಳು ನನ್ನ ಹೆಂಡತಿ. ಅವಳು ಹೋದ ಮೇಲೆ ನಾನು ಒಗೆದು ರಾಶಿ ಹಾಕಿದೆ. ಕೈಗೆ ಸಿಕ್ಕಿದ್ದನ್ನ ಹಾಕಿಕೊಂಡರು. ಎಡಗಡೆ ಹಿಂದೆ ನಿಂತು ತಡೆಯುವ ನಮ್ಮ ಲೆಫ್ಟ್ ಬ್ಯಾಕು ಬ್ಯಾಂಕಿನಲ್ಲಿ ಅಟೆಂಡರ್, ಟೀಮಿಗೇ ಹಿರಿಯ, ಸ್ವಲ್ಪ ಹೊಟ್ಟೆ. ಅವನಿಗೆ ಹಿಡಿಸಿದ ಅಂಗಿ ಒಂಬತ್ತನೇ ನಂಬರಿನದು. ಅದು ಸ್ಟ್ರೈಕರಿನ ಅಂಗಿ. ಬಸ್ಸಿನಲ್ಲಿ ಸೀಟು ಬದಲಾಯಿಸಿಕೊಂಡ ಹಾಗೆ ಇಬ್ಬರೂ ಬದಲಾಯಿಸಿಕೊಂಡರು. ರೆಫರಿ ಯಾರ ಮೇಲೆ ಯಾವ ನಂಬರ್ ಇದೆಯೋ ಅದನ್ನೇ ಬರೆದುಕೊಂಡರು.

ಎದುರಿನ ಟೀಮಿನವರು ನಮ್ಮ ಹಿಂದಿನ ಮ್ಯಾಚುಗಳನ್ನ ನೋಡಿ ಬಂದಿದ್ದರು. ಒಂಬತ್ತನೇ ನಂಬರಿನವನನ್ನ ಒಂದು ಕ್ಷಣ ಬಿಡಬೇಡಿ ಅಂತ ಇಬ್ಬರಿಗೆ ಕೆಲಸ ಹಚ್ಚಿದ್ದರು. ಆ ಇಬ್ಬರೂ ಬಂದು ನಮ್ಮ ಅಟೆಂಡರಿನ ಎಡಕ್ಕೊಬ್ಬ ಬಲಕ್ಕೊಬ್ಬ ನಿಂತರು.

ಮೊದಲರ್ಧದಲ್ಲೇ ಒಂದು ಗೋಲು ತಿಂದೆವು. ಎರಡನೇ ಅರ್ಧ ಶುರುವಾಯಿತು. ಅಟೆಂಡರ್ ಸುಸ್ತಾಗಿರುತ್ತಾನೆ, ಅವನನ್ನ ತೆಗೆಯೋಣ ಅಂತ ಕೋಚು ನೋಡಿದರು. ಗ್ರೌಂಡಿನ ನಡುವೆ ಒಬ್ಬ ಬೋಳು ತಲೆ ಮಂಡಿ ಹಿಡಿದು ಬಗ್ಗಿ ಉಸಿರು ಬಿಡುತ್ತಿದ್ದ. "ದಟ್" ಅಂತ ತೋರಿಸಿದರು. ಅವನು ಹೊರಗೆ ಬಂದ. ಬಂದವನು ನಮ್ಮ ಸ್ಟ್ರೈಕರ್. ಕೋಚು ಹೇಳಿದ ಮೇಲೆ ಯಾಕೆ ಅಂತ ಕೇಳುವ ಅಭ್ಯಾಸ ನಮ್ಮಲ್ಲಿಲ್ಲ. ಅವನು ನೇರ ನೀರಿನ ಕ್ಯಾನಿನ ಹತ್ತಿರ ಹೋದ. ಕೋಚು ಬೆಂಚಿನಲ್ಲಿ ತಮ್ಮ ಪಕ್ಕ ಕೂತಿದ್ದ ಬೋಳು ತಲೆಯವನೇ ಈಗ ಬಂದ ಅಟೆಂಡರ್ ಅಂದುಕೊಂಡು, ಅವನ ಕೈ ಹಿಡಿದು ಸಮಾಧಾನ ಹೇಳತೊಡಗಿದರು.

ಗ್ರೌಂಡಿನಲ್ಲಿ ಅಟೆಂಡರಿಗೆ ತಲೆ ಕೆಟ್ಟಿತ್ತು. "ಯಾಕ್ರಲಾ ನನ್ನ ಹಿಂದೆ ಬಿದ್ದಿದೀರಾ? ಹೋಗಿ ಆಟ ಆಡ್ರಲಾ" ಅಂದ. ಅವರು ಬಿಡಲಿಲ್ಲ. ಇವನು ತಪ್ಪಿಸಿಕೊಳ್ಳಲು ಓಡಿದ. ಜೀವಮಾನದಲ್ಲಿ ಅರ್ಧ ಗೆರೆ ದಾಟದವನು ಅವರ ಗೋಲಿನ ತನಕ ಓಡಿದ. ಇಬ್ಬರೂ ಹಿಂದೆ ಓಡಿದರು. ಒಂಬತ್ತನೇ ನಂಬರ್ ಬಂದ ಅಂತ ಉಳಿದವರೂ ಅವನ ಮೇಲೇ ಬಿದ್ದರು. ಚೆಂಡು ಮಾತ್ರ ಈ ಕಡೆ ಇತ್ತು. ಖಾಲಿ ಜಾಗದಲ್ಲಿ ನಮ್ಮವನೊಬ್ಬ ಆರಾಮಾಗಿ ನಡೆದುಕೊಂಡು ಹೋಗಿ ಗೋಲಿನೊಳಕ್ಕೆ ತಳ್ಳಿದ. ಒಂದಕ್ಕೊಂದು ಸಮ. ಹಾಗೇ ಮುಗಿಯಿತು. ಉಳಿದೆವು.

ಸಾಹುಕಾರ್ರು ಹಾರ ಹಿಡಿದುಕೊಂಡು ಒಳಗೆ ಓಡಿ ಬಂದರು. "ಏನ್ ಪ್ಲಾನು, ಏನ್ ತಲೆ ಈ ಮನುಷ್ಯಂದು. ಗುರುತು ಸಿಗದಂಗೆ ಎಲ್ರಿಗೂ ತಲೆ ಬೋಳಿಸಿ, ಅಂಗಿ ಬದಲಾಯಿಸಿ, ಸ್ಟ್ರೈಕರನ್ನ ಹೊರಗೆ ಕೂರಿಸಿ ಆಡ್ಸೋದು ಅಂದ್ರೆ."

ಕೋಚಿಗೆ ಆಗಲೇ ಗೊತ್ತಾದದ್ದು, ತೆಗೆದದ್ದು ಸ್ಟ್ರೈಕರನ್ನ ಅಂತ. ಸುಳ್ಳು ಹೇಳುವ ಮನುಷ್ಯ ಅಲ್ಲ. "ನೋ, ನೋ. ಮಿಸ್ಟೇಕ್. ಮೈ ಮಿಸ್ಟೇಕ್" ಅಂದರು.

"ಏನಂತಾರೆ?" ಅಂತ ಸಾಹುಕಾರ್ರು ಕ್ಯಾಪ್ಟನ್ನನ್ನ ಕೇಳಿದರು.

ಕ್ಯಾಪ್ಟನ್ ಕೋಚನ್ನ ನೋಡಿದ, ನಮ್ಮನ್ನ ನೋಡಿದ. "ಮುಂದಿನ ವರ್ಷ ಇದಕ್ಕಿಂತ ದೊಡ್ಡ ಪ್ಲಾನ್ ಐತಂತೆ."

"ಇರ್ಲಿ, ಇರ್ಲಿ. ಮುಂದಿನ ವರ್ಷನೂ ಇವ್ರೇ" ಅಂದರು ಸಾಹುಕಾರ್ರು. ಹಾರವನ್ನ ಕೋಚಿನ ಕೈಗೆ ಕೊಟ್ಟರು. "ಇವತ್ತು ಚೆನ್ನಾಗಿ ಆಡಿದವನಿಗೆ ನೀವೇ ಹಾಕಿ."

ಕೋಚು ಹಾರ ಹಿಡಿದು ನಿಂತರು. ಎದುರಿಗೆ ಬೋಳು ತಲೆಗಳ ಸಾಲು. ಈ ತುದಿಯಿಂದ ಆ ತುದಿ ತನಕ ನೋಡಿದರು. ನನ್ನನ್ನ ನೋಡಿದರು. ನನಗೂ ಗೊತ್ತಾಗಲಿಲ್ಲ. ಕೊನೆಗೆ ಸೀದಾ ಬೆಂಚಿನ ಹತ್ತಿರ ಹೋಗಿ, ಮಧ್ಯಾಹ್ನದಿಂದ ತಮ್ಮ ಪಕ್ಕ ಕೂತಿದ್ದವನನ್ನ ಎಬ್ಬಿಸಿ, ತಬ್ಬಿಕೊಂಡು, ಹಾರ ಹಾಕಿದರು. ಫೋಟೋ ತೆಗೆದರು. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಒಬ್ಬೊಬ್ಬರಾಗಿ ಚಪ್ಪಾಳೆ ನಿಲ್ಲಿಸಿದರು.

ಕ್ಯಾಪ್ಟನ್ ಹತ್ತಿರ ಹೋಗಿ ಕೇಳಿದ. "ಯಾರಣ್ಣ ನೀವು?"

"ನಾನು ಕೊರಟಗೆರೆ ಕಡೆಯವ್ನು ಕಣಪ್ಪ. ಬೆಟ್ಟದಲ್ಲಿ ಮುಡಿ ಕೊಟ್ಟೆ. ಬಸ್ಸು ತಪ್ಪೋಯ್ತು. ಹಿಂದೆ ಉಳಿದಿದ್ದ ನಿಮ್ಮ ಹುಡುಗನೊಬ್ಬ ಬೈಕಲ್ಲಿ ಕೂರಿಸ್ಕೊಂಡ್ ಬಂದ. ಸ್ನಾನ ಮಾಡಿ ಬಟ್ಟೆ ನೆಂದಿತ್ತು, ಈ ಅಂಗಿನೂ ಅವ್ನೇ ಕೊಟ್ಟ."

ಹಾರ ಸರಿ ಮಾಡಿಕೊಂಡು, ಕೋಚಿನ ಬೋಳು ತಲೆ ಕಡೆ ನೋಡಿ, ದನಿ ತಗ್ಗಿಸಿದ.

"ಈ ಯಪ್ಪ ಆಗಿಂದ ನನ್ನ ಕೈ ಬುಡದೆ ಹಿಡ್ಕೊಂಡು ಏನೇನೋ ಹೇಳ್ಕೋತಿತ್ತು. ನಾನೂ ಹೂಂ ಹೂಂ ಅಂದ್ಕೊಂಡು ಕೂತಿದ್ದೆ. ಪಾಪ, ಅವ್ರ ಮನೇಲಿ ಯಾರು ಹೋದ್ರು?"